ಸಸ್ಪೆನ್ಷನ್ನೂ ಅಕ್ಕನ ಹಾಲೂ

ಮೊನ್ನೆ ನಮ್ಮ ಮನೆಗೆ ಬಂದಿದ್ದ ಹಿರಿಯ ನೆಂಟರೊಬ್ಬರು ಟಿ.ವಿ. ಪಕ್ಕದಲ್ಲಿದ್ದ ಸಣ್ಣ ಪಂಪನ್ನು ಕಂಡವರೇ ಅಂಗಿಯ ತೋಳು ಮಡಚಿ ಕೈ ಚಾಚಿ ಕುಳಿತುಬಿಟ್ಟರು. ಗಡಿಯಾರದಂಥ ಗುಂಡು ಮುಖ, ಅದರಲ್ಲೊಂದು ಮುಳ್ಳು, ಕೆಳಗೆ ಕಪ್ಪು ರಬ್ಬರಿನ ಕೊಳವೆ. ಬಿ.ಪಿ. ನೋಡುವ ಯಂತ್ರವೆಂದೇ ಅವರು ತಿಳಿದಿದ್ದರು. "ಇದು ಮನುಷ್ಯರಿಗಲ್ಲ, ಸೈಕಲ್ಲಿಗೆ" ಎಂದೆ. ಅವರು ತೋಳು ಇಳಿಸಿಕೊಳ್ಳುತ್ತಾ, "ಸೈಕಲ್ಲಿಗೂ ಬಂತಾ ಪಾಪ!" ಎಂದು ಮರುಗಿದರು.

ಬಂದದ್ದು ನಿಜ. ಆದರೆ ಸೈಕಲ್ಲಿಗೆ ಬಂದದ್ದು ನನ್ನಿಂದ; ನನಗೆ ಬಂದದ್ದು ಸೈಕಲ್ಲಿನಿಂದ. ಇವೆರಡರ ನಡುವೆ ಸಿಕ್ಕಿಕೊಂಡವಳು ನಮ್ಮಕ್ಕ. ಆ ಕಥೆಯನ್ನು ನೆಂಟರಿಗೆ ಹೇಳಲಿಲ್ಲ. ಅವರು ಆರು ಗಂಟೆ ಬಸ್ಸಿಗೆ ಹೊರಡುವವರಿದ್ದರು. ನಿಮಗೆ ಬಸ್ಸಿನ ಅವಸರವಿಲ್ಲವೆಂದು ನಂಬಿ ಹೇಳುತ್ತೇನೆ.

ನಾನು ಆಂಡರ್ಸನ್‌ಪೇಟೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಮನೆ ಇರುವುದು ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ನಡುವಿನ ಒಂದು ಹಳ್ಳಿಯಲ್ಲಿ. ನಿಲ್ಲಿಸಬೇಕೋ ಬೇಡವೋ ಎಂದು ಬಸ್ಸಿನವರು ಪ್ರತಿ ಸಲವೂ ಯೋಚಿಸುವಂಥ ಊರು. ಇಪ್ಪತ್ತೈದು ವರ್ಷಗಳಿಂದ ಮಕ್ಕಳಿಗೆ "ಆಲು ಅಲ್ಲ, ಹಾಲು, ಅಸು ಅಲ್ಲ, ಹಸು" ಎಂದು ತಿದ್ದುತ್ತಾ ಬಂದಿದ್ದೇನೆ. ನಮ್ಮ ಮನೆಯ ಹೊಸಲು ದಾಟಿದರೆ ನನ್ನ ಹಕಾರವೂ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ ಎಂಬುದು ಬೇರೆ ಮಾತು.

ಬಂಗಾರಪೇಟೆಯ ಡಾಕ್ಟರು ನನ್ನ ರಕ್ತದ ವರದಿ ನೋಡಿ, "ಮೇಷ್ಟ್ರೇ, ದಿನಾ ಸೈಕಲ್ ತುಳೀರಿ" ಎಂದರು. ನಾನು ವಿಧೇಯ ರೋಗಿ. ಆದರೆ ತುಳಿಯುವುದೆಂದರೆ ಆಗದು. ಈ ಎರಡೂ ಗುಣಗಳಿಗೆ ಒಪ್ಪುವಂಥ ವಸ್ತು ಲೋಕದಲ್ಲಿದೆ ಎಂದು ನನಗೆ ತಿಳಿಸಿದವರು ನಮ್ಮ ಗಣಿತದ ಮೇಷ್ಟ್ರು. ಬೆಂಗಳೂರಿನಲ್ಲಿರುವ ಅವರ ಷಡ್ಡಕರು ಬೆಟ್ಟ ಹತ್ತುವ ಎಲೆಕ್ಟ್ರಿಕ್ ಸೈಕಲ್ ಕೊಂಡು, ನಾಲ್ಕು ದಿನ ಓಡಿಸಿ, ಐದನೆಯ ದಿನ ಬಾಲ್ಕನಿಯಲ್ಲಿ ನಿಲ್ಲಿಸಿ ಅದರ ಮೇಲೆ ಟವಲು ಒಣಗಿಸುತ್ತಿದ್ದರಂತೆ. ಅದು ನನ್ನ ಪಾಲಿಗೆ ಬಂತು. ನಾವು ತುಳಿದಂತೆ ಮಾಡಿದರೆ ಸಾಕು, ಮಿಕ್ಕಿದ್ದನ್ನು ಮೋಟಾರು ನೋಡಿಕೊಳ್ಳುತ್ತದೆ. ಸರ್ಕಾರಿ ಕೆಲಸದಲ್ಲಿ ಇಷ್ಟು ವರ್ಷ ಕಳೆದವನಿಗೆ ಈ ಏರ್ಪಾಡು ಹೊಸದೆನಿಸಲಿಲ್ಲ.

ಅದಕ್ಕೆ ಮುಂದೊಂದು, ಹಿಂದೊಂದು, ರಸ್ತೆಯ ಏಟು ನುಂಗುವ ಸಸ್ಪೆನ್ಷನ್. ಕಬ್ಬಿಣದ ಸ್ಪ್ರಿಂಗ್ ಅಲ್ಲ, ಗಾಳಿಯದು. ಮೇಲೆ ಕೂರುವವರ ತೂಕಕ್ಕೆ ತಕ್ಕಂತೆ ಗಾಳಿ ತುಂಬಬೇಕು. ಆ ಪಂಪು ಅದಕ್ಕಾಗಿ.

ಈ ಪದ ನನಗೆ ಮೊದಲ ವಾರವೇ ತೊಂದರೆ ಕೊಟ್ಟಿತು. ನನ್ನ ಹೆಂಡತಿ ಫೋನಿನಲ್ಲಿ ತವರಿನವರೊಂದಿಗೆ ಮಾತಾಡುತ್ತಾ, "ಅವ್ರು ಊಟಾನೂ ಸರೀಗ್ ಮಾಡ್ತಿಲ್ಲಮ್ಮ, ಸಸ್ಪೆನ್ಷನ್ನಿಂದ ತಲೆ ಕೆಡಿಸ್ಕೊಂಡು ಕೂತವ್ರೆ" ಎಂದಳು. ಮರುದಿನ ಬೆಳಿಗ್ಗೆ ಮಾವನವರು ಮೊದಲ ರೈಲಿಗೇ ಬಂಗಾರಪೇಟೆಯಲ್ಲಿ ಇಳಿದು, ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಏಮೀ ಕಾದಪ್ಪಾ, ಏನೂ ಆಗಲ್ಲ, ಇವೆಲ್ಲಾ ಮಾಮೂಲು. ಆರು ತಿಂಗಳು ಅರ್ಧ ಸಂಬಳ ಬತ್ತದಲ್ಲ" ಎಂದು ಸಮಾಧಾನ ಹೇಳಿದರು. ನಾನು ಅಂಗಳಕ್ಕೆ ಕರೆದುಕೊಂಡು ಹೋಗಿ ಸೈಕಲ್ಲಿನ ಸಸ್ಪೆನ್ಷನ್ ತೋರಿಸಿದೆ. ಅಳಿಯನ ಕೆಲಸ ಉಳಿಯಿತೆಂಬ ಸಂತೋಷ ಅವರ ಮುಖದಲ್ಲಿ ಕಾಣಬೇಕಿತ್ತು. ಕಂಡದ್ದು, ಗೊನೆ ಸುಮ್ಮನೆ ತಂದೆನಲ್ಲ ಎಂಬ ಬೇಸರ.

ಗಾಳಿ ತುಂಬುವ ಮೊದಲು ನಮ್ಮ ತೂಕ ಗೊತ್ತಿರಬೇಕು. ಜೊತೆಗೆ ಬಂದ ಪುಸ್ತಕದಲ್ಲಿ ಪಟ್ಟಿಯಿತ್ತು: ಇಷ್ಟು ಕೆ.ಜಿ.ಗೆ ಇಷ್ಟು ಗಾಳಿ. ನಾನು ಎಪ್ಪತ್ತರ ಸಾಲಿನ ಮೇಲೆ ಬೆರಳಿಟ್ಟೆ. ಹೆಂಡತಿ ಹಿಂದಿನಿಂದ ಬಗ್ಗಿ ನೋಡಿ, "ಅದು ನಮ್ಮ ಮದ್ವೆ ಟೈಮಿಂದು" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಮೇಲೆ ಕುಳಿತಾಗ ಸಸ್ಪೆನ್ಷನ್ ಸುಮಾರು ಕಾಲು ಭಾಗ ಕುಗ್ಗಬೇಕು. ಎಷ್ಟು ಕುಗ್ಗಿತೆಂದು ತೋರಿಸಲು ಅದರ ಕಂಬಿಯ ಮೇಲೆ ಒಂದು ಸಣ್ಣ ರಬ್ಬರ್ ಬಳೆ ಇರುತ್ತದೆ. ನಾನು ಕುಳಿತೆ. ಬಳೆ ಕೊನೆಯವರೆಗೂ ಜಾರಿ, ಇನ್ನು ಜಾಗವಿಲ್ಲವೆಂದು ನಿಂತಿತು. ರಸ್ತೆಗಿಳಿದರೆ ಪ್ರತಿ ಹಳ್ಳಕ್ಕೂ ಒಳಗಿನಿಂದ 'ಡಬ್' ಎಂದು ಯಾರೋ ಬಾಗಿಲು ತಟ್ಟಿದಂಥ ಸದ್ದು.

ಆ ಭಾನುವಾರ ಅಕ್ಕನ ಹಸುಗಳಿಗೆ ಬೂಸ ತರಲು ಬಂಗಾರಪೇಟೆಯ ಅಂಗಡಿಗೆ ಹೋದಾಗ, ಮೂಟೆ ತೂಗುವ ಕಬ್ಬಿಣದ ತಕ್ಕಡಿಯ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಹತ್ತಿದೆ. ಎಂಬತ್ತಾರು. ಅಂಗಡಿಯವನು ಗಲ್ಲಾದ ಹಿಂದಿನಿಂದಲೇ, "ಎರಡು ಮೂಟೆಗೆ ವಸಿ ಕಮ್ಮಿ ಮೇಷ್ಟ್ರೇ" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ. ಮನೆಗೆ ಬಂದು ಎಂಬತ್ತೈದರ ಸಾಲಿನ ಗಾಳಿ ತುಂಬಿದೆ. ಬಳೆ ಸರಿಯಾದ ಜಾಗಕ್ಕೆ ಬಂದು ನಿಂತಿತು. ನಿಜ ಹೇಳಿದರೆ ಯಂತ್ರಗಳು ಎಷ್ಟು ಬೇಗ ಸರಿಹೋಗುತ್ತವೆ! ಒಂದು ಕೆ.ಜಿ. ಸುಳ್ಳನ್ನು ಮಾತ್ರ ಉಳಿಸಿಕೊಂಡೆ.

ಅಕ್ಕನ ಪರಿಚಯ ಮಾಡಿಕೊಡುವುದು ಮರೆತೆ. ನಾರಾಯಣಮ್ಮ, ನನಗಿಂತ ಐದು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಯ ಪಕ್ಕದಲ್ಲೇ ಎರಡು ಕೋಣೆ ಕಟ್ಟಿಸಿಕೊಂಡು, ಎರಡು ಹಸು ಇಟ್ಟುಕೊಂಡು, ಯಾರ ಮಾತಿಗೂ ಕಿವಿಗೊಡದೆ ಸುಖವಾಗಿದ್ದಾಳೆ. ಅವಳ ಹಾಲೆಂದರೆ ಡೈರಿಯಲ್ಲಿ ಒಂದು ಮಾತು. ಸೆಕ್ರೆಟರಿ ಯಾರಿಗಾದರೂ ಬೈಯಬೇಕಾದರೆ, "ನಾರಾಯಣಕ್ಕನ ಆಲು ನೋಡ್ರಪ್ಪಾ, ಅದು ಆಲು" ಎನ್ನುತ್ತಿದ್ದ. ಡೈರಿ ಇರುವುದು ಪಕ್ಕದ ಊರಿನಲ್ಲಿ, ಎರಡು ಕಿಲೋಮೀಟರು. ಅಷ್ಟು ದಿನವೂ ಅವಳ ಕ್ಯಾನನ್ನು ಬೀದಿಯ ಆಟೋ ಒಯ್ಯುತ್ತಿತ್ತು. ಆ ವರ್ಷ ನೀರಿನ ಪೈಪು ಹಾಕುತ್ತೇವೆಂದು ರಸ್ತೆಯನ್ನು ಉದ್ದಕ್ಕೂ ಅಗೆದರು, ಆಟೋ ನಿಂತಿತು. ಅಕ್ಕ ಕ್ಯಾನು ಸೊಂಟಕ್ಕಿಟ್ಟುಕೊಂಡು ನಡೆದಳು. ಎರಡನೆಯ ವಾರಕ್ಕೆ ಮಂಡಿ ಊದಿತು.

"ನಾನ್ ತಗೊಂಡೋಗ್ತೀನಿ ಬುಡಕ್ಕಾ. ನನ್ ಸೈಕಲ್ ಇರೋದೇ ಇಂಥಾ ರೋಡಿಗೆ" ಎಂದೆ.

ಅಕ್ಕ ಸೈಕಲ್ಲನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದ್ರಲ್ಲಿ ಕ್ಯಾನ್ ಎಲ್ಲಿಕ್ತೀಯಲಾ? ನೀನ್ ಕೂರಾಕೇ ಜಾಗ ಇಲ್ಲ."

ಆಂಡರ್ಸನ್‌ಪೇಟೆಯಲ್ಲಿ ಸೆಲ್ವರಾಜ್ ಎಂಬ ಹಿರಿಯರ ವೆಲ್ಡಿಂಗ್ ಅಂಗಡಿಯಿದೆ. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಗೇಟು, ಕಿಟಕಿ, ಇಡ್ಲಿ ಸ್ಟ್ಯಾಂಡಿನ ಮುರಿದ ಕಾಲು, ಏನು ಬಂದರೂ ಸರಿ, ಅಷ್ಟೇ ಗಂಭೀರವಾಗಿ ಬೆಸೆಯುತ್ತಾರೆ. ಸೈಕಲ್ಲಿನ ಸುತ್ತ ಎರಡು ಸಲ ಸುತ್ತಿ, ಸೀಟಿನ ಮೇಲೆ ಕೈಯೂರಿ ಒತ್ತಿ ನೋಡಿ, "ಕ್ಯಾರಿಯರ್ ಇಲ್ಲಿ ಮೇಲೆ ಕಟ್ಟೋಣ ಸಾರ್, ಸೀಟ್ ಪಕ್ಕ. ಮೈನ್ ಫ್ರೇಮಿಗೆ" ಎಂದರು.

"ಮೇಲೆ ಬೇಡ. ನನ್ನ ಸಸ್ಪೆನ್ಷನ್ ಎಂಬತ್ತೈದು ಕೆ.ಜಿ.ಗೆ ಸೆಟ್ ಆಗಿದೆ. ಹನ್ನೆರಡು ಕೆ.ಜಿ. ಕ್ಯಾನು ಮೇಲೆ ಬಂದರೆ ಲೆಕ್ಕ ಕೆಡುತ್ತೆ. ಹಿಂದಿನ ಚಕ್ರ ಹಿಡಿದಿರೋ ಕೈಗೇ ಹಾಕಿ."

"ಅದು ಸ್ಪ್ರಿಂಗ್ ಕೆಳಗೆ ಬರ್ತದೆ ಸಾರ್."

"ಬರ್ಲಿ. ನನ್ನ ಸೆಟಪ್ಪಿಗೆ ತೊಂದರೆ ಆಗ್ಬಾರ್ದು."

ಸೆಲ್ವರಾಜ್ ನನ್ನನ್ನೊಮ್ಮೆ ನೋಡಿದರು. ನಾಲ್ಕು ದಶಕ ಕಬ್ಬಿಣದ ಜೊತೆ ಬದುಕಿದವರು ಓದಿದವರ ಜೊತೆ ವಾದ ಮಾಡುವುದಿಲ್ಲ. "ಸೆರಿ ಸಾರ್, ನಿಮ್ಮಿಷ್ಟ" ಎಂದು ಮುಖಕ್ಕೆ ವೆಲ್ಡಿಂಗಿನ ಕಪ್ಪು ಗಾಜು ಇಳಿಸಿಕೊಂಡರು.

ಹೀಗೆ ನಾನು ಹಾಲಿನವನಾದೆ. ಬೆಳಿಗ್ಗೆ ಆರೂವರೆಗೆ ಅಕ್ಕನ ಕ್ಯಾನು ಹೇರಿಕೊಂಡು ಡೈರಿಗೆ. ಬಂದು ಸ್ನಾನ ಮಾಡಿ ಸ್ಕೂಲಿಗೆ. ಆ ಎರಡು ಕಿಲೋಮೀಟರು ಅಗೆದ ರಸ್ತೆಯೇ ನನ್ನ ಪ್ರಯೋಗಶಾಲೆಯಾಯಿತು. ಸಸ್ಪೆನ್ಷನ್ ಕುಗ್ಗಿದ ಮೇಲೆ ಎಷ್ಟು ಬೇಗ ಹಿಗ್ಗಬೇಕು ಎಂಬುದಕ್ಕೆ ಒಂದು ಸಣ್ಣ ತಿರುಪು ಇರುತ್ತದೆ. ಅದರ ಒಂದು ಕೊನೆಗೆ ಮೊಲದ ಚಿತ್ರ, ಇನ್ನೊಂದು ಕೊನೆಗೆ ಆಮೆಯ ಚಿತ್ರ. ಮೊಲದ ಕಡೆ ತಿರುಗಿಸಿದರೆ ಹಳ್ಳ ದಾಟಿದ ಕೂಡಲೇ ಸೀಟು ನನ್ನನ್ನು ಎತ್ತಿ ಒಗೆಯುತ್ತಿತ್ತು. ಆಮೆಯ ಕಡೆ ಹೋದರೆ ಒಂದು ಹಳ್ಳದಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೆರಡು ಹಳ್ಳ ಬಂದು, ಸೈಕಲ್ಲು ಕುಗ್ಗಿದಲ್ಲೇ ಕುಗ್ಗಿ ಹತಾಶವಾಗುತ್ತಿತ್ತು. ದಿನಕ್ಕೊಂದು ಕ್ಲಿಕ್ಕಿನಂತೆ ತಿರುಗಿಸುತ್ತಾ, ಅನುಭವವನ್ನು ಹಳೆಯ ಹಾಜರಿ ಪುಸ್ತಕದ ಹಿಂದೆ ಬರೆಯುತ್ತಾ ಹೋದೆ. 'ಸೋಮವಾರ: ಮೊಲದಿಂದ ಐದು. ಸೊಂಟಕ್ಕೆ ಹಿತ, ಕುತ್ತಿಗೆಗೆ ಅಹಿತ.' 'ಬುಧವಾರ: ಆರು. ಕನ್ನಡಕ ಬೀಳಲಿಲ್ಲ.' ಟೈರಿನ ಗಾಳಿ ಇಳಿಸಿದೆ, ಹ್ಯಾಂಡಲ್ ಒಂದು ಬೆರಳು ಎತ್ತರಿಸಿದೆ. ಸಂಜೆ ಸ್ಕೂಲಿನಿಂದ ಬರುವಾಗ ಗಣಿಯ ಬಿಳಿ ಮಣ್ಣಿನ ದಿಬ್ಬಗಳ ಪಕ್ಕದ ಕೊರಕಲಿನಲ್ಲಿ ಬೇಕೆಂದೇ ಇಳಿದು ಹತ್ತಿ ಪರೀಕ್ಷಿಸುತ್ತಿದ್ದೆ. ಪೇಪರ್ ತಿದ್ದುವುದಕ್ಕೆ ಈ ಶ್ರದ್ಧೆಯ ಅರ್ಧ ತೋರಿಸಿದ್ದರೆ ಉತ್ತಮ ಶಿಕ್ಷಕ ಪ್ರಶಸ್ತಿ ಬರುತ್ತಿತ್ತು.

ಮೂರು ವಾರಕ್ಕೆ ಎಲ್ಲವೂ ಕೂಡಿ ಬಂತು. ಮೊಲದಿಂದ ಎಂಟನೆಯ ಕ್ಲಿಕ್ಕು. ಅಗೆದ ರಸ್ತೆಯ ಮೇಲೆ ನಾನು ದೋಣಿಯಲ್ಲಿ ಕುಳಿತವನಂತೆ ತೇಲಿದೆ. ಹಳ್ಳಗಳು ಇದ್ದವೆಂದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಸೊಂಟಕ್ಕೆ ತಿಳಿಯುತ್ತಿರಲಿಲ್ಲ. ಹಿತ ಹೆಚ್ಚಿದಂತೆ ವೇಗವೂ ಹೆಚ್ಚಿತು. ಮೋಟಾರನ್ನು ಕೊನೆಯ ಮಟ್ಟಕ್ಕೆ ಹಾಕಿ, ಹದಿನೈದು ನಿಮಿಷದ ದಾರಿಯನ್ನು ಆರು ನಿಮಿಷದಲ್ಲಿ ಮುಗಿಸುತ್ತಿದ್ದೆ. ಹಿಂದೆ ಕ್ಯಾನು ಗಣಗಣ ಎನ್ನುತ್ತಿತ್ತು. ಉತ್ಸಾಹದ ಸದ್ದೆಂದುಕೊಂಡೆ.

ಡೈರಿಯ ಸೆಕ್ರೆಟರಿ ಆಂಜಿನಪ್ಪ ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ಅವನನ್ನು ಸಂಧಿಗಳ ಸಲುವಾಗಿ ಬೆಂಚಿನ ಮೇಲೆ ಎಷ್ಟು ಸಲ ನಿಲ್ಲಿಸಿದ್ದೆನೋ ನೆನಪಿಲ್ಲ. ಅವನಿಗೆ ನೆನಪಿತ್ತು. ಒಂದು ದಿನ ಹಾಲು ಪರೀಕ್ಷಿಸುವ ಯಂತ್ರದಿಂದ ಬಂದ ಚೀಟಿಯನ್ನು ನನ್ನ ಕೈಗೆ ಕೊಡುತ್ತಾ ದನಿ ತಗ್ಗಿಸಿದ.

"ಮೇಷ್ಟ್ರೇ, ಫ್ಯಾಟ್ ಇಳೀತಾ ಐತೆ. ಮೂರು ವಾರದಿಂದ ನೋಡ್ತಾ ಇವ್ನಿ."

"ನೀರು ಸೇರಿದೆ ಅಂತೀಯಾ?"

"ನೀರಲ್ಲ. ನೀರಾಗಿದ್ರೆ ಬೇರೆ ರೀಡಿಂಗ್ನಲ್ಲಿ ಸಿಕ್ತದೆ. ಆಲೇನೋ ಗಟ್ಟಿ ಐತೆ, ಕೆನೆ ಇಲ್ಲ." ಸುತ್ತ ನೋಡಿ, ಇನ್ನಷ್ಟು ಮೆಲ್ಲಗೆ, "ಯಾರೋ ಕೆನೆ ತೆಗೀತಾವ್ರೆ ಮೇಷ್ಟ್ರೇ" ಎಂದ.

ನಾನು ಚೀಟಿಯನ್ನು ಜೇಬಿಗಿಟ್ಟುಕೊಂಡೆ. ಅಂಕಪಟ್ಟಿಯನ್ನು ಮನೆಗೆ ತೋರಿಸದೆ ಬಚ್ಚಿಡುವ ಹುಡುಗರಿಗೆ ಎಷ್ಟೋ ಸಲ ಬೈದಿದ್ದೇನೆ. ಅವರ ಕಷ್ಟ ಈಗ ಅರ್ಥವಾಯಿತು. ಹಾಲು ಸುರಿದಾದ ಮೇಲೆ ಡೈರಿಯ ನಲ್ಲಿಯಲ್ಲಿ ಕ್ಯಾನನ್ನೂ ಮುಚ್ಚಳವನ್ನೂ ಎಂದಿನಂತೆ ಫಳಫಳ ತೊಳೆದು ಹೊರಟೆ. ಅಕ್ಕನಿಗೆ ಒಂದು ಕೆಲಸ ಕಡಿಮೆಯಾಗಲೆಂದು ನಾನೇ ರೂಢಿಸಿಕೊಂಡಿದ್ದ ಪುಣ್ಯದ ಕೆಲಸ ಅದು.

ಮುಚ್ಚಿಟ್ಟ ಸುದ್ದಿ ನನಗಿಂತ ಬೇಗ ಊರು ಸೇರಿತು. ಎರಡು ದಿನ ಕಳೆದು ನಾನು ಸಾಲಿನಲ್ಲಿ ನಿಂತಿರುವಾಗ, ಅಕ್ಕ ಊದಿದ ಮಂಡಿಯ ಮೇಲೆ ಕೈಯೂರಿಕೊಂಡು, ಕುಂಟುತ್ತಾ ಡೈರಿಗೇ ಬಂದಳು. ನನ್ನ ಕಡೆ ನೋಡಲಿಲ್ಲ. ಹತ್ತಿಪ್ಪತ್ತು ಜನ ಕ್ಯಾನು ಹಿಡಿದು ನಿಂತಿದ್ದರು. ನೇರವಾಗಿ ಆಂಜಿನಪ್ಪನ ಮುಂದೆ ನಿಂತಳು.

"ಏನಪ್ಪಾ, ನಮ್ಮಾಲ್ನಾಗೆ ಕೆನೆ ಇಲ್ವಂತೆ?"

ಆಂಜಿನಪ್ಪ ತೊದಲಿದ. "ನಾನೇನ್ ನಿನ್ನಂದಿಲ್ಲ ನಾರಾಯಣಕ್ಕಾ, ಮಿಷನ್ ತೋರಿಸ್ತೈತೆ..."

"ಮಿಷನ್ ಸರ್ಯಾಗೇ ತೋರಿಸೈತೆ. ತುಪ್ಪ ಕಾಯಿಸ್ಕಳಾಣಾಂತ ನಾನೇ ತೆಗ್ದೆ. ತಪ್ಪಾಯ್ತು. ಇನ್ಮೇಲೆ ತೆಗಿಯಲ್ಲ. ಸುಮ್ಕೆ ಅವ್ರಿವ್ರ ಎಸ್ರು ಎತ್ಬೇಡ."

ಇಷ್ಟು ವರ್ಷ ಯಾರ ಹಾಲನ್ನು ತೋರಿಸಿ ಉಳಿದವರಿಗೆ ಬೈಯುತ್ತಿದ್ದರೋ ಅವಳು ಎಲ್ಲರೆದುರು ತಪ್ಪಾಯಿತೆಂದಳು. ಅಕ್ಕ ತಿರುಗಿ, ಬಂದಷ್ಟೇ ನಿಧಾನವಾಗಿ, ಅಗೆದ ಮಣ್ಣಿನ ಮೇಲೆ ಕಾಲಿಡುತ್ತಾ ಹೊರಟುಹೋದಳು.

ನಾನು ಅವಳ ಹಿಂದೆ ಓಡಬೇಕಿತ್ತು. ಓಡಲಿಲ್ಲ. ಏಕೆಂದರೆ ಅವಳ ಮಾತನ್ನು ನಾನು ನಂಬಿದೆ. ಇಂಥವಳೂ ಹೀಗೆ ಮಾಡಿದಳಲ್ಲ ಎಂದು ಮೊದಲು ನೊಂದೆ. ಮನೆ ಸೇರುವಷ್ಟರಲ್ಲಿ, ಒಂಟಿ ಹೆಂಗಸು, ಏನೋ ಆಸೆಪಟ್ಟಳು ಎಂದು ಕ್ಷಮಿಸಿಯೂ ಬಿಟ್ಟೆ. ಕ್ಷಮಿಸಿದ ಮೇಲೆ ಮನಸ್ಸು ಎಷ್ಟು ಹಗುರವಾಗುತ್ತದೆಂದರೆ, ಸಸ್ಪೆನ್ಷನ್ನಿನ ಗಾಳಿ ಸ್ವಲ್ಪ ಇಳಿಸಬೇಕೇನೋ ಅನ್ನಿಸುವಷ್ಟು.

ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಕ್ಕ ಒಂದು ಬಟ್ಟಲು ಕೆನೆ ತಂದು ನನ್ನ ಮುಂದಿಡತೊಡಗಿದಳು. ಮನೆಖರ್ಚಿಗೆಂದು ಎತ್ತಿಟ್ಟ ಹಾಲಿನದೆಂದು ಆಮೇಲೆ ತಿಳಿಯಿತು. "ತಿನ್ನು. ಬೇಕಾದ್ರೆ ಕೇಳು. ಬಾಯಿ ಬುಟ್ ಕೇಳಿದ್ರೆ ಯಾರೂ ಇಲ್ಲಾ ಅನ್ನಲ್ಲ" ಎಂದು, ನನ್ನ ಮುಖ ನೋಡದೆ ಹೇಳಿ ಹೋಗುತ್ತಿದ್ದಳು. ಕದ್ದ ಕೆನೆಯಲ್ಲಿ ನನಗೂ ಪಾಲು ಕೊಟ್ಟು ಮನಸ್ಸಾಕ್ಷಿ ತೊಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆ. ತಿನ್ನದಿದ್ದರೆ ನೊಂದುಕೊಳ್ಳುತ್ತಾಳೆಂದು ತಿಂದೆ. ಎರಡನೆಯ ದಿನ ಸಕ್ಕರೆ ಹಾಕಿಕೊಂಡು ತಿಂದೆ. ಹತ್ತು ದಿನಕ್ಕೆ ಸೈಕಲ್ಲಿನ ರಬ್ಬರ್ ಬಳೆ ಒಂದು ಗೆರೆ ಕೆಳಗೆ ಜಾರಿತು. ಪಂಪು ತೆಗೆದು ಇನ್ನಷ್ಟು ಗಾಳಿ ಹೊಡೆದೆ.

ಡೈರಿಯಲ್ಲಿ ಮಾತ್ರ ಫ್ಯಾಟ್ ಏರಲಿಲ್ಲ. ಆಂಜಿನಪ್ಪ ಈಗ ಏನೂ ಹೇಳದೆ ಚೀಟಿ ಕೊಡುತ್ತಿದ್ದ. ಅವನ ಮೌನವನ್ನು ಸಾಲಿನವರೆಲ್ಲ ಓದುತ್ತಿದ್ದರು. ಅಕ್ಕ ಮಾತು ಕೊಟ್ಟೂ ತೆಗೆಯುತ್ತಿದ್ದಾಳೆ ಎಂದು ಅವರಿಗೆ, ನನಗೂ.

ಒಂದು ಶನಿವಾರ ಡೈರಿಯ ನಲ್ಲಿಯಲ್ಲಿ ನೀರಿರಲಿಲ್ಲ. ಪೈಪು ಹಾಕುವವರು ಹೊಸ ಪೈಪಿಗೋಸ್ಕರ ಹಳೆಯದನ್ನು ಒಡೆದಿದ್ದರು. ಕ್ಯಾನನ್ನು ತೊಳೆಯದೆ ಹಾಗೇ ತಂದು ಅಕ್ಕನ ಕಟ್ಟೆಯ ಮೇಲಿಟ್ಟು ನಮ್ಮ ಮನೆಗೆ ಬಂದೆ. ಐದು ನಿಮಿಷವಾಗಿರಲಿಲ್ಲ.

"ಲೇ! ಬಾರ್ಲಾ ಇಲ್ಲಿ!"

ಆ ದನಿಯನ್ನು ನಾನು ನಲವತ್ತು ವರ್ಷದಿಂದ ಕೇಳಿರಲಿಲ್ಲ. ಓಡಿದೆ. ಅಕ್ಕ ಕ್ಯಾನಿನ ಮುಚ್ಚಳವನ್ನು ಬೋರಲು ಹಿಡಿದಿದ್ದಳು. ಒಳಗೆ ಸುತ್ತಲೂ, ಗೋಡೆಗೆ ಗಾರೆ ಮೆತ್ತಿದಂತೆ, ಬೆಳ್ಳಗೆ ಏನೋ ಅಂಟಿತ್ತು. ಅವಳು ಬೆರಳಿನಿಂದ ಬಳಿದು ನನ್ನ ಮೂಗಿನ ಮುಂದೆ ಹಿಡಿದಳು.

"ಏನಿದು?"

ವಾಸನೆ ನೋಡಿದೆ. "ಬೆಣ್ಣೆ."

"ಬೆಣ್ಣೆ ಎಲ್ಲಿಂದ ಬಂತು? ಆಲ್ ಕರ್ದು ಅಂಗೇ ಕೊಟ್ಟಿದ್ದೀನಿ. ನೀನ್ ದಾರಿನಾಗೆ ಏನ್ ಮಾಡ್ತೀಯ?"

"ಏನೂ ಮಾಡಲ್ಲಕ್ಕಾ, ಸೈಕಲ್ ಓಡಿಸ್ತೀನಿ ಅಷ್ಟೇ."

ಅಕ್ಕ ಕುಂಟುತ್ತಾ ಸೈಕಲ್ಲಿನ ಹತ್ತಿರ ಹೋದಳು. ಸೀಟನ್ನು ಒತ್ತಿದಳು, ಅದು ಮೆತ್ತಗೆ ಕುಗ್ಗಿ ಮೆತ್ತಗೆ ಎದ್ದಿತು. ಕ್ಯಾನಿಡುವ ಕ್ಯಾರಿಯರನ್ನು ಒತ್ತಿದಳು. ಅದು ಕಲ್ಲಿನಂತೆ ನಿಂತಿತು. ಇನ್ನೊಮ್ಮೆ ಸೀಟು, ಇನ್ನೊಮ್ಮೆ ಕ್ಯಾರಿಯರು.

"ಮೆತ್ಗಿರೋದೆಲ್ಲಾ ನಿಂಗೆ, ಗಟ್ಟಿಗಿರೋದು ಆಲ್ಗೆ. ಇದ್ ಗಾಡಿ ಅಲ್ಲಲಾ, ಕಡಗೋಲು."

ಎರಡು ಸಾಲಿನಲ್ಲಿ ವಿಷಯ ಮುಗಿಯಿತು. ನಾನು ಮೂರು ವಾರ ಹಾಜರಿ ಪುಸ್ತಕದಲ್ಲಿ ಬರೆದದ್ದು ಬರೀ ನನ್ನ ಸೊಂಟದ ಚರಿತ್ರೆ. ಸ್ಪ್ರಿಂಗಿನ ಮೇಲೆ ಕುಳಿತವನು ನಾನು. ಸ್ಪ್ರಿಂಗಿನ ಕೆಳಗೆ, ಚಕ್ರದ ಜೊತೆಯಲ್ಲೇ, ಪ್ರತಿ ಹಳ್ಳದ ಪೂರ್ತಿ ಏಟು ತಿನ್ನುತ್ತಿದ್ದುದು ಹಾಲು. ನನಗೆ ಹಿತವಾದಷ್ಟೂ ವೇಗ ಹೆಚ್ಚುತ್ತಿತ್ತು, ವೇಗ ಹೆಚ್ಚಿದಷ್ಟೂ ಬೆಣ್ಣೆ ಬರುತ್ತಿತ್ತು. ಮುಚ್ಚಳಕ್ಕೂ ಕ್ಯಾನಿನ ಕಂಠಕ್ಕೂ ಮೆತ್ತಿದ ಬೆಣ್ಣೆ ಯಂತ್ರದ ಕಣ್ಣಿಗೆ ಬೀಳುತ್ತಿರಲಿಲ್ಲ. ಸೋಸುವ ಜಾಲರಿಯಲ್ಲಿ ಉಳಿದಿದ್ದನ್ನು ನೊರೆ ಎಂದುಕೊಂಡಿದ್ದೆವು. ಮಿಕ್ಕಿದ ಸಾಕ್ಷಿಯನ್ನು ನಾನೇ ದಿನಾ ನಲ್ಲಿಯ ಕೆಳಗೆ ಫಳಫಳ ತೊಳೆಯುತ್ತಿದ್ದೆ.

"ಮತ್ತೆ ಕೆನೆ ನಾನೇ ತೆಗ್ದೆ ಅಂತ ಯಾಕಂದೆ ಅವತ್ತು?" ಎಂದೆ.

ಅಕ್ಕ ಬೆರಳಿನ ಬೆಣ್ಣೆಯನ್ನು ಕ್ಯಾನಿನ ಅಂಚಿಗೆ ಒರೆಸಿದಳು. "ನೀನ್ ತೆಗೀತಿದ್ದೀಯ ಅಂದ್ಕಂಡೆ. ಮೇಷ್ಟ್ರು ಕೆನೆ ಕದ್ದ ಅಂದ್ರೆ ನಾಳೆ ಮಕ್ಳು ಕೂಗ್ತಾರೆ. ನಾನಾದ್ರೆ ಏನು, ಅಸ ಕಟ್ಟೋಳು."

"ನಾನ್ಯಾಕಕ್ಕಾ ಕೆನೆ ಕದೀಲಿ?"

"ಚಿಕ್ಕೋನಾಗಿದ್ದಾಗ ಯಾಕ್ ಕದ್ದೆ?"



ನನಗಾಗ ಒಂಬತ್ತು ವರ್ಷ. ಹಿತ್ತಿಲ ಕಡೆ ಬೆರಣಿ ಒಲೆಯ ಮೇಲೆ ಅಮ್ಮ ಮಧ್ಯಾಹ್ನವೆಲ್ಲ ಹಾಲು ಕಾಯಿಸುತ್ತಿದ್ದಳು. ಅದರ ಮೇಲೆ ಕಟ್ಟುವ ಕೆಂಪು ಕೆನೆಗೆ ಹೊಗೆಯ ಒಂದು ರುಚಿ ಇರುತ್ತದೆ. ಅದನ್ನು ತಿಳಿದವರಿಗೆ ನಾನು ವಿವರಿಸಬೇಕಾಗಿಲ್ಲ, ತಿಳಿಯದವರಿಗೆ ವಿವರಿಸಿ ಪ್ರಯೋಜನವಿಲ್ಲ. ಒಂದು ವಾರ ದಿನವೂ ತೆಗೆದು ತಿಂದೆ. ಮೊದಲು ಬೆಕ್ಕಿನ ಮೇಲೆ ಅನುಮಾನ ಬಂತು. ಆಮೇಲೆ ಮಡಕೆಯ ಮುಚ್ಚಳವನ್ನು ಬೆಕ್ಕು ಮತ್ತೆ ಮುಚ್ಚುವುದಿಲ್ಲ ಎಂದು ಅಮ್ಮನಿಗೆ ಹೊಳೆಯಿತು. ಆ ಹೊತ್ತಿಗೆ ನಾನು ಕೈಯನ್ನು ಹಗ್ಗದ ಮೇಲೆ ಒಣಗುತ್ತಿದ್ದ ಅಕ್ಕನ ಲಂಗಕ್ಕೆ ಒರೆಸಿದ್ದೆ. ಜಿಡ್ಡಿನ ಗುರುತು ಹಿಡಿದು ಅಮ್ಮ ಅಕ್ಕನಿಗೆ ಪೊರಕೆಯಲ್ಲಿ ಹೊಡೆದಳು. ನಾನು ಸೀಬೆ ಮರದ ಕೆಳಗೆ ಮಗ್ಗಿ ಹೇಳಿಕೊಳ್ಳುತ್ತಾ ಕುಳಿತಿದ್ದೆ; ಹನ್ನೆರಡರ ಮಗ್ಗಿ. ಅಕ್ಕ ಅಳಲಿಲ್ಲ, ನನ್ನ ಹೆಸರನ್ನೂ ಹೇಳಲಿಲ್ಲ. ಅವಳಿಗೆ ಗೊತ್ತೇ ಇಲ್ಲವೆಂದು ಇಷ್ಟು ವರ್ಷ ನಂಬಿಕೊಂಡು ನೆಮ್ಮದಿಯಾಗಿದ್ದೆ.

"ಗೊತ್ತಿತ್ತಾ ನಿಂಗೆ?"

"ಮಗ್ಗಿ ಯಾವತ್ತೂ ಏಳ್ದೋನು ಅವತ್ತು ಏಳ್ತಾ ಇದ್ದಲ್ಲ" ಎಂದಳು ಅಕ್ಕ.

ಅವಳ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಇಪ್ಪತ್ತೈದು ವರ್ಷ ವ್ಯಾಕರಣ ಹೇಳಿದವನಿಗೆ ವಾಕ್ಯ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. "ಇಷ್ಟು ದಿನ ನೀನೇ ಕದೀತಿದ್ದೆ ಅಂದ್ಕೊಂಡಿದ್ದೆ ಅಕ್ಕಾ" ಎಂದಷ್ಟೇ ಬಂತು.

ಅವಳು ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಮಂಡಿ ಹಿಡಿದುಕೊಂಡು, ಕೆಳಗೇ ಕುಳಿತು ನಕ್ಕಳು. "ಅದ್ಕೇನ್ಲಾ ಅಷ್ಟ್ ಮರ್ಯಾದೆಯಿಂದ ಮಾತಾಡಿಸ್ತಿದ್ದೆ? ಥೂ!"

ಭಾನುವಾರ ಬೆಳಿಗ್ಗೆ ಇಬ್ಬರೂ ಡೈರಿಗೆ ಹೋದೆವು. ಕ್ಯಾನನ್ನು ನಾನು ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡಂತೆ ನಡೆದೆ. ಸೈಕಲ್ಲನ್ನು ಅಕ್ಕ ತಳ್ಳಿಕೊಂಡು, ಅದಕ್ಕೇ ಆತುಕೊಂಡು ಬಂದಳು. ಸಾಲಿನ ಮುಂದೆ ನಿಂತು, "ಅಕ್ಕ ಕೆನೆ ತೆಗೆದಿಲ್ಲ. ನನ್ನ ಸೈಕಲ್ಲು ಹಾಲನ್ನು ಕಡೆದಿದೆ" ಎಂದು ಘೋಷಿಸಿದೆ. ಯಾರೂ ನಂಬಲಿಲ್ಲ. ಅಕ್ಕನ ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ಮೇಷ್ಟ್ರ ನಿಜಕ್ಕೆ ಪುರಾವೆ ಕೇಳಿದರು.

ಆಂಜಿನಪ್ಪನೇ ದಾರಿ ತೋರಿಸಿದ. ನಡೆದು ತಂದ ಹಾಲನ್ನು ಎಲ್ಲರೆದುರು ಪರೀಕ್ಷಿಸಿದ. ಫ್ಯಾಟ್ ಅಕ್ಕನ ಹಳೆಯ ಮಟ್ಟದಲ್ಲೇ ಇತ್ತು. ಆಮೇಲೆ ಅದೇ ಕ್ಯಾನನ್ನು ನನ್ನ ಕ್ಯಾರಿಯರಿಗೆ ಕಟ್ಟಿ, "ಈಗ ದಿನಾ ಬರೋ ಅಂಗೇ ಒಂದ್ ರೌಂಡ್ ಓಗ್ ಬನ್ನಿ ಮೇಷ್ಟ್ರೇ" ಎಂದ. ಎಷ್ಟೋ ಸಲ ಅವನನ್ನು ಆಟದ ಮೈದಾನದ ಸುತ್ತ ಓಡಿಸಿದ್ದೆ. ಈಗ ನಾನು ಊರಿನವರೆಗೂ ಹೋಗಿ ತಿರುಗಿ ಬಂದೆ, ಒಂದು ಹಳ್ಳವನ್ನೂ ಬಿಡದೆ, ಮೋಟಾರಿನ ಕೊನೆಯ ಮಟ್ಟದಲ್ಲಿ. ಆ ಗಣಗಣ ಸದ್ದು ಈ ಸಲ ಬೇರೆಯೇ ಆಗಿ ಕೇಳಿಸಿತು. ಪ್ರತಿ ಏಟಿಗೂ ನನ್ನ ಬೆನ್ನು ತಾನಾಗಿ ಬಾಗುತ್ತಿತ್ತು. ತಮಾಷೆಯೆಂದರೆ ಮೊಲದಿಂದ ಎಂಟನೆಯ ಕ್ಲಿಕ್ಕಿನಲ್ಲಿ ನನ್ನ ಸೊಂಟಕ್ಕೆ ಏನೂ ಆಗಲಿಲ್ಲ.

ಮುಚ್ಚಳ ತೆಗೆದರು. ಸಾಲು ಮುರಿದು ಎಲ್ಲರೂ ಮುಗಿಬಿದ್ದರು. ಅಜ್ಜಿಯೊಬ್ಬರು ಬೆರಳದ್ದಿ ನೆಕ್ಕಿ, "ಬೆಣ್ಣೇನೇ ಕಣ್ರಪ್ಪಾ, ಚೆನ್ನಾಗ್ ಬಂದೈತೆ" ಎಂದು ತೀರ್ಪು ಕೊಟ್ಟರು. ಯಂತ್ರದ ಚೀಟಿ ಅದಕ್ಕೆ ರುಜು ಹಾಕಿತು. ಆಂಜಿನಪ್ಪ ಕುರ್ಚಿಯಿಂದ ಎದ್ದು ಬಂದು ಅಕ್ಕನ ಎದುರು ನಿಂತ.

"ತಪ್ಪಾಯ್ತು ನಾರಾಯಣಕ್ಕಾ."

"ನೀನೇನಪ್ಪಾ ಮಾಡ್ದೆ? ಮಿಷನ್ ತೋರಿಸ್ದಂಗ್ ಏಳ್ದೆ" ಎಂದಳು. ಆದರೆ ಹೊರಡಲಿಲ್ಲ. ಎಲ್ಲರ ಹಾಲೂ ಮುಗಿಯುವವರೆಗೆ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕುಳಿತು, ಬಂದವರನ್ನೆಲ್ಲ ಮಾತಾಡಿಸಿ, ಎರಡು ತಿಂಗಳ ಸುದ್ದಿಯನ್ನೆಲ್ಲ ಕೇಳಿಕೊಂಡಳು.

ಸೋಮವಾರ ಸೆಲ್ವರಾಜ್ ಅಂಗಡಿಗೆ ಹೋದೆ. ಹೇಳಿದ್ದನ್ನೆಲ್ಲ ಕೇಳಿದ ಮೇಲೂ ಅವರು "ನಾನು ಅವತ್ತೇ ಹೇಳ್ದೆ" ಎನ್ನಲಿಲ್ಲ. ಕ್ಯಾರಿಯರನ್ನು ಕತ್ತರಿಸಿ ತೆಗೆದು ಮೇಲೆ, ಸೀಟಿನ ಕಂಬದ ಎರಡೂ ಬದಿಗೆ ಬೆಸೆದ ಕಂಬಿಗಳ ಮೇಲೆ, ಕ್ಯಾನಿನ ತಳಕ್ಕೆ ಹಳೆಯ ಟ್ಯೂಬಿನ ಮೆತ್ತೆ ಹಾಕಿ ಕೂರಿಸಿದರು. ಕ್ಯಾನಿಗೆ ಕಂಠಪೂರ್ತಿ ನೀರು ತುಂಬಿಸಿ, ನನ್ನನ್ನು ಮೇಲೆ ಕೂರಿಸಿ, ಎಷ್ಟು ತೂಕ ಎಂದು ಕೇಳಿದರು. "ಎಂಬತ್ತೊಂಬತ್ತು" ಎಂದೆ. ನನ್ನ ಜೀವನದಲ್ಲಿ ಅಷ್ಟು ಸರಿಯಾದ ಉತ್ತರವನ್ನು ಅಷ್ಟು ಬೇಗ ಕೊಟ್ಟಿದ್ದೇ ಇಲ್ಲ. ಪಂಪು ಹಿಡಿದು ಗಾಳಿ ಏರಿಸಿದರು. ತಿರುಪನ್ನು ಆಮೆಯ ಕಡೆ ಮೂರು ಕ್ಲಿಕ್ಕು ತಿರುಗಿಸಿದರು. "ಕ್ಯಾನ್ ಇರ್ಬೇಕು, ನೀವ್ ಇರ್ಬೇಕು, ಅವಾಗ್ ಕರೆಕ್ಟ್. ಇನ್ಮೇಲೆ ಕೈ ಹಾಕ್ಬೇಡಿ ಸಾರ್, ಪ್ಲೀಸ್" ಎಂದರು. ಆ 'ಪ್ಲೀಸ್' ಅನ್ನು ಅವರು ಹೇಳಿದ ರೀತಿಗೆ ನಾನು ಪಂಪನ್ನು ಆವತ್ತೇ ಟಿ.ವಿ. ಪಕ್ಕಕ್ಕೆ ಇಟ್ಟುಬಿಟ್ಟೆ.

ಫ್ಯಾಟ್ ಏರಿತು. ಆಂಜಿನಪ್ಪ ಮತ್ತೆ ಅಕ್ಕನ ಹಾಲನ್ನು ತೋರಿಸಿ ಉಳಿದವರಿಗೆ ಬೈಯತೊಡಗಿದ. ನನ್ನ ಸೈಕಲ್ಲು ಹಾಲು ಒಯ್ಯುವುದಕ್ಕೆ ಇಡೀ ತಾಲ್ಲೂಕಿನಲ್ಲೇ ಅತ್ಯಂತ ಹದವಾದ ವಾಹನವಾದ ಹನ್ನೆರಡನೆಯ ದಿನಕ್ಕೆ ಪೈಪಿನ ಕೆಲಸ ಮುಗಿದು, ರಸ್ತೆಗೆ ಟಾರು ಬಿತ್ತು. ಆಟೋ ಮತ್ತೆ ಓಡಿತು. ಅಕ್ಕ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು. "ನಿನ್ ಗಾಡಿ ಚೆನ್ನಾಗೈತೆ, ಇಲ್ಲಾ ಅನ್ನಲ್ಲ. ನೀನ್ ಡೈರಿಗೋಗಿ ಬಂದ್ರೆ ಒಂದ್ ಸುದ್ದೀನೂ ತರಲ್ಲ" ಎಂದಳು.

ಇಲ್ಲಿ ನನಗೊಂದು ತೊಡಕಾಯಿತು. ನನ್ನ ಸಸ್ಪೆನ್ಷನ್ ಇರುವುದು ಕ್ಯಾನು ಸೇರಿದ ತೂಕಕ್ಕೆ. ಕ್ಯಾನಿಲ್ಲದೆ ಓಡಿಸಿದರೆ ಸೀಟು ಗಟ್ಟಿ, ಪ್ರತಿ ಉಬ್ಬೂ ಬೆನ್ನಿಗೆ. ಕೈ ಹಾಕುವುದಿಲ್ಲವೆಂದು ಸೆಲ್ವರಾಜ್‌ಗೆ ಮಾತು ಕೊಟ್ಟಾಗಿದೆ. ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅಕ್ಕನ ಹಳೆಯ ಕ್ಯಾನೊಂದರಲ್ಲಿ ಕಂಠಪೂರ್ತಿ ನೀರು ತುಂಬಿ, ದಿನವೂ ಕಟ್ಟಿಕೊಂಡು ಸ್ಕೂಲಿಗೆ ಹೋಗುತ್ತೇನೆ, ಕಟ್ಟಿಕೊಂಡು ಬರುತ್ತೇನೆ. ದಾರಿ ಡೈರಿಯ ಮುಂದೆಯೇ.

ಮೊನ್ನೆ ಬೆಳಿಗ್ಗೆ ಆಂಜಿನಪ್ಪ ರಸ್ತೆಗೇ ಬಂದು ಅಡ್ಡ ನಿಂತ. ಅವನ ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು, ಅಕ್ಕನೂ ಇದ್ದಳು.

"ಮೇಷ್ಟ್ರೇ, ಬೇಜಾರ್ ಮಾಡ್ಕಬೇಡಿ. ದಿನಾ ಆಲಿನ ಕ್ಯಾನ್ ತಗೊಂಡ್ ಇಂಗ್ ಓಗ್ತೀರಲ್ಲ, ಏನೈತೆ ಇದ್ರಲ್ಲಿ?"

"ನೀರು" ಎಂದೆ.

ಸಾಲಿನಲ್ಲಿ ಒಂದು ಸದ್ದು ಎದ್ದಿತು. ಆಂಜಿನಪ್ಪ ನನ್ನನ್ನೂ ಕ್ಯಾನನ್ನೂ ನೋಡಿದ. ನಾನು ಸಸ್ಪೆನ್ಷನ್, ತೂಕ, ರಬ್ಬರ್ ಬಳೆ ಎಂದು ವಿವರಿಸತೊಡಗಿದೆ. ಹೇಳಿದಷ್ಟೂ ಅವನ ಹುಬ್ಬು ಮೇಲೇರುತ್ತಿತ್ತು. ಕೊನೆಗೆ ಅವನು ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ, ಸಾಲಿನಿಂದ ಅಕ್ಕನ ದನಿ ಕೇಳಿಸಿತು.

"ನೀರೇ ಇರ್ತೈತೆ ಬುಡಪ್ಪ. ಅವ್ನ್ ನಿಜ ಏಳೋದೇ ಅಪ್ರೂಪ. ಏಳ್ದಾಗ ನಂಬ್ಬುಡ್ಬೇಕು."